ಇದ್ದಕ್ಕಿದ್ದಂತೆ ಬಂದಿದ್ದಲ್ಲ

ನಮ್ಮ ಮನೇಲಿ ದೊಡ್ಡಪ್ಪನ ವಿಷಯ ಬಂದಾಗಲೆಲ್ಲ ಒಂದೇ ಮಾತು. "ಚೆನ್ನಾಗೇ ಇದ್ರು. ಇದ್ದಕ್ಕಿದ್ದಂತೆ ಕ್ಯಾನ್ಸರ್ ಬಂತು. ಆರು ತಿಂಗಳಲ್ಲಿ ಹೋಗ್ಬಿಟ್ರು."

ನಾನಾಗ ಇಂಜಿನಿಯರಿಂಗ್ ಎರಡನೇ ವರ್ಷ. ಇಂಟರ್ನಲ್ಸ್ ಮುಗಿಸಿ ರಾತ್ರಿ ಬಸ್ ಹತ್ತಿ ಊರಿಗೆ ಬರೋ ಹೊತ್ತಿಗೆ ಎಲ್ಲ ಮುಗಿದಿತ್ತು. ಆಮೇಲೆ ಹತ್ತು ವರ್ಷ ನಾನೂ ಅದೇ ಮಾತನ್ನ ಹೇಳ್ಕೊಂಡು ಓಡಾಡಿದೆ. ಇದ್ದಕ್ಕಿದ್ದಂತೆ ಬಂತು. ಸಿಡಿಲು ಬಡಿದ ಹಾಗೆ. ಯಾರೇನು ಮಾಡೋಕಾಗುತ್ತೆ?

ಹೋದ ವರ್ಷ ದೀಪಾವಳಿಗೆ ಊರಿಗೆ ಹೋದಾಗ ಅಪ್ಪನ ಬಾಯೊಳಗೆ ಮೊಬೈಲ್ ಟಾರ್ಚ್ ಬಿಟ್ಟು ನೋಡಿದೆ. ಅವತ್ತಿಂದ ನನಗೆ ಆ ಮಾತಿನ ಮೇಲೆ ನಂಬಿಕೆ ಹೋಗಿದೆ.

ನಮ್ಮದು ಸಾಗರದ ಕಡೆ ಒಂದು ಸಣ್ಣ ಊರು. ಎರಡೂವರೆ ಎಕರೆ ಅಡಿಕೆ ತೋಟ, ಒಂದಿಷ್ಟು ಏಲಕ್ಕಿ, ಕಾಳುಮೆಣಸು, ಕೊಟ್ಟಿಗೆಯಲ್ಲಿ ಎರಡು ದನ. ಮನೆಗೆ ಯಾರೇ ಬರಲಿ, ಮೊದಲು ನೀರು ಬೆಲ್ಲ, ಆಮೇಲೆ ಕವಳದ ಹರಿವಾಣ. ಬಯಲುಸೀಮೆ ಕಡೆಯವರಿಗೆ ಹೇಳೋದಾದ್ರೆ, ಕವಳ ಅಂದ್ರೆ ಎಲೆ ಅಡಿಕೆ ಸುಣ್ಣ, ಜೊತೆಗೆ ಬೇಕಾದವರಿಗೆ ಒಂದೆಸಳು ಹೊಗೆಸೊಪ್ಪು. ಅಪ್ಪನಿಗೆ ಬೇಕೇ ಬೇಕು. ಹದಿನಾರನೇ ವಯಸ್ಸಿಗೆ ಶುರು ಮಾಡಿದ್ದಂತೆ. ಈಗ ಅರವತ್ತೆರಡು. ಕವಳ ಹಾಕಿ ಎಡಗೆನ್ನೆಯೊಳಗೆ ಒತ್ತರಿಸಿಟ್ಟುಕೊಂಡರೆ ಅರ್ಧ ತೋಟ ಸುತ್ತಿ ಬರುವವರೆಗೂ ಅಲ್ಲೇ ಇರುತ್ತೆ. ಚಿಕ್ಕವಳಿದ್ದಾಗ ಅಪ್ಪನ ಎಡಗೆನ್ನೆ ಸ್ವಲ್ಪ ಉಬ್ಬಿರೋದು ಹುಟ್ಟಿನಿಂದಲೇ ಅಂದ್ಕೊಂಡಿದ್ದೆ.

ಅದಕ್ಕೂ ಹಿಂದಿನ ದೀಪಾವಳಿಯಲ್ಲಿ ಅಪ್ಪ ಊಟಕ್ಕೆ ಕೂತಾಗ ಅಪ್ಪೆಮಿಡಿ ಉಪ್ಪಿನಕಾಯಿಯನ್ನ ಎಲೆಯ ಮೂಲೆಗೆ ಸರಿಸಿದ್ದು ನೋಡಿದ್ದೆ. ಮಿಡಿ ಇಲ್ಲದೆ ಮೊಸರನ್ನ ಕೈಯಲ್ಲೂ ಮುಟ್ಟದ ಮನುಷ್ಯ. "ಯಾಕಪ್ಪ?" ಅಂದೆ. "ಹಲ್ಲು ಸರಿ ಇಲ್ಲ ಕೂಸೇ, ಖಾರ ಉರಿಯುತ್ತೆ" ಅಂದ್ರು. ನಾನು ಹೂಂ ಅಂದು ಮೊಬೈಲ್ ನೋಡ್ತಾ ಊಟ ಮುಂದುವರಿಸಿದೆ. ಅವತ್ತು ಸಂಜೆ ಒಂದು ರಿಲೀಸ್ ಇತ್ತು.

ಹಲ್ಲು ನೋವಿಗೆ ಖಾರ ಯಾಕೆ ಉರಿಯುತ್ತೆ ಅಂತ ನನಗೆ ಹೊಳೆಯಲಿಲ್ಲ. ಹೊಳೆಯೋಕೆ ಒಂದು ವರ್ಷ ಬೇಕಾಯ್ತು.

ಮರುವರ್ಷ ಅಪ್ಪ ಬರೀ ತಂಬುಳಿ ಅನ್ನ ಉಣ್ತಿದ್ರು. ಅಮ್ಮ ಅವರಿಗೆ ಅಂತಲೇ ಖಾರ ಹಾಕದ ಸಾರು ಬೇರೆ ಮಾಡ್ತಿದ್ಲು. ಆಗ ಬಲವಂತ ಮಾಡಿ ಬಾಯಿ ತೆಗೆಸಿದೆ. ಎಡಗೆನ್ನೆಯ ಒಳಭಾಗದಲ್ಲಿ, ಕವಳ ಇಡೋ ಜಾಗದಲ್ಲೇ, ಹೆಬ್ಬೆರಳಿನ ಉಗುರಿನಷ್ಟು ಅಗಲದ ಬಿಳಿ ಮಚ್ಚೆ. ಸುಣ್ಣ ಅಂದ್ಕೊಂಡು ಹತ್ತಿ ಸುತ್ತಿ ಒರೆಸಿ ನೋಡಿದೆ. ಹೋಗಲಿಲ್ಲ. ಅಂಚಿನಲ್ಲಿ ಸಣ್ಣಗೆ ಕೆಂಪು.

"ಎಂತ ಆಗಲ್ಲ ಮಾರಾಯ್ತಿ, ಎಷ್ಟೋ ದಿನದಿಂದ ಇದೆ" ಅಂದ್ರು ಅಪ್ಪ. ಅವರು ಸಮಾಧಾನಕ್ಕೆ ಹೇಳಿದ ಮಾತೇ ನನ್ನ ಹೊಟ್ಟೆಯಲ್ಲಿ ಕಲ್ಲು ಹಾಕಿದ ಹಾಗಾಯ್ತು.

ಪೇಟೆಯ ಹಲ್ಲಿನ ಡಾಕ್ಟರು ನೋಡಿ, ಶಿವಮೊಗ್ಗಕ್ಕೆ ಚೀಟಿ ಬರೆದು ಕೊಟ್ಟರು. ಅಲ್ಲಿ ಅಕ್ಕಿಕಾಳಿನಷ್ಟು ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ರಿಪೋರ್ಟ್ ಬರೋಕೆ ಹತ್ತು ದಿನ. ನಾನು ಲ್ಯಾಪ್‌ಟಾಪ್ ಇಟ್ಕೊಂಡು ಊರಲ್ಲೇ ಉಳಿದೆ.

ಗೊತ್ತಿಲ್ಲದ ಸಿಸ್ಟಮ್ ಒಂದು ಕೈಗೆ ಬಂದ್ರೆ ನಾವು ಇಂಜಿನಿಯರ್‌ಗಳು ಏನು ಮಾಡ್ತೀವಿ? ಕೂತ್ಕೊಂಡು ಓದ್ತೀವಿ. ಆ ಹತ್ತು ರಾತ್ರಿ ನಾನು ಓದಿದ್ದು ಒಂದೇ ವಿಷಯ: ಒಳ್ಳೆ ಕೋಶ ಕೆಡೋದು ಹೇಗೆ? ಹಗಲು ಜಗಲಿ ಮೇಲೆ ಕೂತು ಅಪ್ಪನಿಗೆ ಅದನ್ನೇ ಹೇಳ್ತಿದ್ದೆ. ಅಪ್ಪ ಪಿಯುಸಿ ಓದಿದವರು, ತೋಟದ ವಿಷಯದಲ್ಲಿ ನನಗೆ ಗುರು. ಹಾಗಾಗಿ ನನ್ನ ಕಂಪ್ಯೂಟರ್ ಭಾಷೆ ಅರ್ಧ, ಅವರ ತೋಟದ ಭಾಷೆ ಅರ್ಧ ಸೇರಿಯೇ ಈ ವಿಷಯ ನಮಗೆ ಅರ್ಥ ಆಗಿದ್ದು.

ಅಪ್ಪನ ಮೊದಲ ಪ್ರಶ್ನೆ, "ಇದು ಕೊಳೆರೋಗದ ಥರಾನಾ? ಎಲ್ಲಿಂದ ಬಂತು?"

ಅಲ್ಲ. ಕೊಳೆರೋಗ ಹೊರಗಿನ ಜೀವಿ, ಮಳೆಗಾಲದಲ್ಲಿ ಬಂದು ಕಾಯಿಗೆ ಹತ್ತುತ್ತೆ. ಇಲ್ಲಿ ಹೊರಗಿನಿಂದ ಯಾರೂ ಬಂದಿಲ್ಲ. ಕೆಟ್ಟಿರೋದು ನಮ್ಮದೇ ಕೋಶ. ವಿಜ್ಞಾನಿಗಳಿಗೂ ಇದು ಗಟ್ಟಿಯಾಗಿ ಗೊತ್ತಾಗೋಕೆ ತುಂಬ ಕಾಲ ಬೇಕಾಯ್ತು. 1911ರಲ್ಲಿ ಪೇಟನ್ ರೌಸ್ ಅನ್ನೋರು ಕೋಳಿಯ ಗಡ್ಡೆಯಿಂದ ಸೋಸಿ ತೆಗೆದ ರಸ ಇನ್ನೊಂದು ಕೋಳಿಗೆ ಗಡ್ಡೆ ತರುತ್ತೆ ಅಂತ ತೋರಿಸಿದ್ರು. ಅದು ವೈರಸ್ಸು. ಹಾಗಾದ್ರೆ ಕ್ಯಾನ್ಸರ್ ಅಂದ್ರೆ ಹೊರಗಿನ ಸೋಂಕೇನಾ ಅನ್ನೋ ಪ್ರಶ್ನೆ ಬಹಳ ಕಾಲ ಇತ್ತು. 1976ರಲ್ಲಿ ಮೈಕೆಲ್ ಬಿಷಪ್, ಹೆರಾಲ್ಡ್ ವಾರ್ಮಸ್ ಮತ್ತು ಜೊತೆಗಾರರು ಆ ವೈರಸ್ಸಿನೊಳಗಿನ ಗಡ್ಡೆ ತರುವ ಜೀನ್ ಮೂಲತಃ ಕೋಳಿಯದ್ದೇ, ಆರೋಗ್ಯವಂತ ಕೋಳಿಯ ಕೋಶದಲ್ಲೂ ಅದು ಇದೆ ಅಂತ ಕಂಡುಹಿಡಿದರು. ವೈರಸ್ಸು ಅದನ್ನ ಯಾವಾಗಲೋ ಕದ್ದುಕೊಂಡು ಹೋಗಿತ್ತು ಅಷ್ಟೆ. 1989ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಕೆಲವು ಕ್ಯಾನ್ಸರ್‌ಗಳಿಗೆ ವೈರಸ್ಸು ನೆಪ ಆಗೋದು ನಿಜ. ಆದರೆ ಕೊನೆಗೆ ಕೆಡೋದು ನಮ್ಮ ಕೋಶದ ಬರಹವೇ.

ಏನದು ಬರಹ? ಪ್ರತಿ ಕೋಶದಲ್ಲೂ ಸುಮಾರು 300 ಕೋಟಿ ಅಕ್ಷರಗಳ ಡಿಎನ್‌ಎ ಇದೆ. ಅದು ಅಪ್ಪನಿಂದ ಒಂದು ಪ್ರತಿ, ಅಮ್ಮನಿಂದ ಒಂದು ಪ್ರತಿ ಬಂದಿರುತ್ತೆ. ಕೋಶ ಎರಡಾಗುವಾಗ ಅಷ್ಟನ್ನೂ ನಕಲು ಮಾಡಬೇಕು. ನಕಲು ಮಾಡುವಾಗ ತಪ್ಪು ಆಗೇ ಆಗುತ್ತೆ. ನಮ್ಮಲ್ಲಿ ಕೋಡ್ ರಿವ್ಯೂ ಇರೋ ಹಾಗೆ ಅಲ್ಲೂ ತಿದ್ದುವ ವ್ಯವಸ್ಥೆ ಇದೆ. ಎಲ್ಲ ತಿದ್ದಿದ ಮೇಲೆ ಉಳಿಯೋ ತಪ್ಪು ಸುಮಾರು 100 ಕೋಟಿ ಅಕ್ಷರಕ್ಕೆ ಒಂದು. ನಮ್ಮ ಯಾವ ಟೀಮೂ ಇಷ್ಟು ಚೆನ್ನಾಗಿ ಕೆಲಸ ಮಾಡಿದ್ದು ನಾನು ನೋಡಿಲ್ಲ.

ಆದ್ರೆ ಮೈಯಲ್ಲಿರೋದು ಒಂದೆರಡು ಕೋಶ ಅಲ್ಲ, ಮೂವತ್ತು ಲಕ್ಷ ಕೋಟಿಗೂ ಮೇಲೆ. ಬಾಯೊಳಗಿನ ಚರ್ಮವಂತೂ ಸುಮಾರು ಎರಡು ವಾರಕ್ಕೊಮ್ಮೆ ಹೊಸದಾಗುತ್ತೆ. ಅಂದ್ರೆ ಅಡಿಪದರದ ಕೋಶಗಳು ಜೀವನಪೂರ್ತಿ ನಕಲು ಮಾಡ್ತಾನೇ ಇರಬೇಕು. ಅಲ್ಲಿಗೆ ಕವಳ ಬಂದು ಕೂರುತ್ತೆ. ಹೊಗೆಸೊಪ್ಪಿನ ನೈಟ್ರೋಸಮೈನ್ ಅನ್ನೋ ರಾಸಾಯನಿಕಗಳು ಡಿಎನ್‌ಎಗೆ ಅಂಟಿಕೊಂಡು ಅಕ್ಷರ ಕೆಡಿಸುತ್ತವೆ. ಅಡಿಕೆಯ ಅರೆಕೋಲಿನ್, ಸುಣ್ಣದ ಖಾರ, ಗಟ್ಟಿ ಚೂರುಗಳ ಉಜ್ಜುವಿಕೆ ಸೇರಿ ಚರ್ಮ ಮತ್ತೆ ಮತ್ತೆ ಗಾಯ ಆಗುತ್ತೆ. ಗಾಯ ಮಾಯಬೇಕಾದ್ರೆ ಕೋಶ ಇನ್ನೂ ಹೆಚ್ಚು ನಕಲಾಗಬೇಕು. ಅಂದ್ರೆ ತಪ್ಪೂ ಹೆಚ್ಚು, ನಕಲೂ ಹೆಚ್ಚು.

"ಹಂಗಾದ್ರೆ ನಂಗೆ ಇಷ್ಟೊತ್ತಿಗೆ ನೂರು ಸಲ ಕ್ಯಾನ್ಸರ್ ಬರಬೇಕಿತ್ತು" ಅಂದ್ರು ಅಪ್ಪ.

ಒಳ್ಳೆ ಪ್ರಶ್ನೆ. ತಪ್ಪುಗಳಲ್ಲಿ ಹೆಚ್ಚಿನವು ಏನೂ ಮಾಡಲ್ಲ. ಯಾರೂ ಓದದ ಪುಟದಲ್ಲಿ ಒಂದಕ್ಷರ ತಪ್ಪಿದ ಹಾಗೆ. ಅಪಾಯ ಇರೋದು ಕೆಲವೇ ಕೆಲವು ಜೀನ್‌ಗಳಲ್ಲಿ. ಅವನ್ನ ಹೇಳೋಕೆ ನಾನು ಅಪ್ಪನ ಹಳೇ ಜೀಪನ್ನೇ ತಗೊಂಡೆ.

ಜೀಪಲ್ಲಿ ಆಗುಂಬೆ ಘಾಟಿ ಇಳೀತಿದ್ದೀರಿ ಅನ್ಕೊಳ್ಳಿ. ಕೆಲವು ಜೀನ್‌ಗಳು ಆಕ್ಸಿಲರೇಟರ್ ಥರ, ಬೇಕಾದಾಗ ಮಾತ್ರ "ಈಗ ಎರಡಾಗು" ಅಂತ ಕೋಶಕ್ಕೆ ಹೇಳೋವು. ಅದು ಒತ್ತಿದ ಹಾಗೇ ಸಿಕ್ಕಿಹಾಕಿಕೊಂಡ್ರೆ ಕೋಶ ನಿಲ್ಲದೆ ಬೆಳೆಯೋಕೆ ನೋಡುತ್ತೆ. ಇನ್ನು ಕೆಲವು ಬ್ರೇಕ್ ಥರ. ಬ್ರೇಕ್ ಜೀನ್ ಎರಡೆರಡು ಪ್ರತಿ ಇರೋದ್ರಿಂದ ಸಾಮಾನ್ಯವಾಗಿ ಎರಡೂ ಕೆಟ್ಟರೆ ಮಾತ್ರ ಬ್ರೇಕ್ ಹೋಗೋದು. ಆಲ್ಫ್ರೆಡ್ ನಡ್ಸನ್ ಅನ್ನೋ ಡಾಕ್ಟರು ಮಕ್ಕಳ ಕಣ್ಣಿನ ಕ್ಯಾನ್ಸರ್‌ನ ಲೆಕ್ಕ ಹಾಕಿ 1971ರಲ್ಲಿ ಈ ಎರಡು ಏಟಿನ ವಿಚಾರ ಹೇಳಿದ್ರು.

ಇನ್ನೊಂದಿದೆ, ಪಿ53 ಅಂತ. 1979ರಲ್ಲಿ ಸಿಕ್ಕಿದ್ದು. ಇದು ಕಾವಲುಗಾರ. ಡಿಎನ್‌ಎ ಹಾಳಾಗಿದ್ದು ಕಂಡರೆ ಕೋಶಕ್ಕೆ "ನಿಲ್ಲು, ಮೊದಲು ರಿಪೇರಿ ಮಾಡ್ಕೋ" ಅನ್ನುತ್ತೆ. ರಿಪೇರಿ ಆಗಲ್ಲ ಅಂತ ಗೊತ್ತಾದ್ರೆ "ಸಾಯಿ" ಅನ್ನುತ್ತೆ. ಕೋಶ ಮರುಮಾತಿಲ್ಲದೆ ತನ್ನನ್ನ ತಾನೇ ಅಚ್ಚುಕಟ್ಟಾಗಿ ಮುಗಿಸಿಕೊಳ್ಳುತ್ತೆ. ದಿನಾ ನಮ್ಮ ಮೈಯಲ್ಲಿ ಎಷ್ಟೋ ಕೋಶಗಳು ಹೀಗೆ ಸದ್ದಿಲ್ಲದೆ ಹೋಗ್ತಿರ್ತವೆ. ಮನುಷ್ಯರ ಕ್ಯಾನ್ಸರ್‌ಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟರಲ್ಲಿ ಈ ಕಾವಲುಗಾರನೇ ಕೆಟ್ಟಿರ್ತಾನೆ. ಅವನು ಹೋದ ಮೇಲೆ ತಪ್ಪುಗಳು ತಿದ್ದೋರಿಲ್ಲದೆ ಪೇರಿಸಿಕೊಳ್ಳುತ್ತವೆ.

ಇಲ್ಲಿಯವರೆಗೆ ನನ್ನ ಸಾಫ್ಟ್‌ವೇರ್ ಹೋಲಿಕೆ ನಡೀತು. ಮುಂದೆ ನಡೆಯಲಿಲ್ಲ. ಯಾಕಂದ್ರೆ ನಮ್ಮ ಬಗ್‌ಗಳು ತಾವಾಗೇ ಮರಿ ಹಾಕಲ್ಲ. ಅಪ್ಪನೇ ಅದನ್ನ ಸರಿಯಾಗಿ ಹೇಳಿದ್ರು. "ಅಂದ್ರೆ ಕಳೆ."

ಹೌದು, ಕಳೆ. ಒಂದು ಕೋಶಕ್ಕೆ ಒಂದು ತಪ್ಪಿನಿಂದ ಪಕ್ಕದವಕ್ಕಿಂತ ಸ್ವಲ್ಪ ಬೇಗ ಬೆಳೆಯೋ ಗುಣ ಬಂತು ಅನ್ಕೊಳ್ಳಿ. ಅದರ ಮಕ್ಕಳು ಮೊಮ್ಮಕ್ಕಳು ನಿಧಾನವಾಗಿ ಅಷ್ಟಗಲ ಜಾಗ ತುಂಬ್ತಾವೆ. ಆ ಗುಂಪಿನ ಸಾವಿರಾರು ಕೋಶಗಳಲ್ಲಿ ಯಾವುದೋ ಒಂದಕ್ಕೆ ಎರಡನೇ ತಪ್ಪು. ಅದರ ಸಂತಾನ ಇನ್ನೂ ಜೋರು. ಆಮೇಲೆ ಮೂರನೇದು. ಯಾರೂ ಯೋಜನೆ ಹಾಕಿದ್ದಲ್ಲ, ಯಾರ ಶಾಪವೂ ಅಲ್ಲ. ಬೇಗ ಬೆಳೆದಿದ್ದು ಉಳೀತು, ಅಷ್ಟೆ. ಪೀಟರ್ ನೋವೆಲ್ ಅನ್ನೋರು 1976ರಲ್ಲಿ ಗಡ್ಡೆ ಬೆಳೆಯೋದು ವಿಕಾಸವಾದದ ಹಾಗೇ ಅಂತ ಬರೆದದ್ದು ಇದನ್ನೇ. ನಮ್ಮ ರೋಗನಿರೋಧಕ ಕೋಶಗಳು ಓಡಾಡ್ತಾ ಕಳೆ ಕಿತ್ತು ಹಾಕ್ತಾನೇ ಇರುತ್ತವೆ. ಅವುಗಳ ಕಣ್ಣು ತಪ್ಪಿಸಿದವು ಮಾತ್ರ ಮುಂದಕ್ಕೆ ಹೋಗುತ್ತವೆ.

ಬಾಯಲ್ಲಿ ಇದು ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತೆ. ಮೊದಲು ಚರ್ಮ ದಪ್ಪ ಆಗುತ್ತೆ, ಬೆಳ್ಳಗಾಗುತ್ತೆ. ಆಮೇಲೆ ಕೋಶಗಳ ಆಕಾರ, ಸಾಲು ಎರಡೂ ಕೆಡುತ್ತೆ. ಇದಕ್ಕೆ ಡಿಸ್‌ಪ್ಲೇಸಿಯಾ ಅಂತಾರೆ. ಅದರಲ್ಲಿ ಅಲ್ಪ, ಮಧ್ಯಮ, ತೀವ್ರ ಅಂತ ಹಂತ. ಅಲ್ಲಿಯವರೆಗೂ ಅದು ಕ್ಯಾನ್ಸರ್ ಅಲ್ಲ. ಚರ್ಮದ ಕೆಳಗೆ ಒಂದು ತೆಳು ಪೊರೆ ಇದೆ, ನಮ್ಮ ತೋಟದ ಸುತ್ತ ತೋಡಿರೋ ಅಗಳದ ಹಾಗೆ. ಕೆಟ್ಟ ಕೋಶಗಳು ಆ ಅಗಳ ದಾಟಿ ಒಳಗಿನ ಮಾಂಸಕ್ಕೆ ಇಳಿದವೋ, ಅವತ್ತಿಂದ ಅದರ ಹೆಸರು ಕ್ಯಾನ್ಸರ್. ಅಲ್ಲಿಂದ ರಕ್ತನಾಳ, ದುಗ್ಧನಾಳ ಸಿಕ್ಕಿದ್ರೆ ಕುತ್ತಿಗೆಗೂ ಹೋಗಬಹುದು, ಇನ್ನೂ ದೂರಕ್ಕೂ ಹೋಗಬಹುದು. ಮುಂದಿನ ಮೆಟ್ಟಿಲಿಗೆ ಹತ್ತಲೇಬೇಕು ಅಂತಿಲ್ಲ. ಎಷ್ಟೋ ಮಚ್ಚೆಗಳು ಹಾಗೇ ಉಳಿಯುತ್ತವೆ, ಕೆಲವು ಹಿಂದಕ್ಕೂ ಹೋಗುತ್ತವೆ. ಆದ್ರೆ ಯಾವುದು ಹತ್ತುತ್ತೆ, ಯಾವುದು ನಿಲ್ಲುತ್ತೆ ಅಂತ ಬರಿಗಣ್ಣಿಗೆ ತಿಳಿಯಲ್ಲ.

ಎಂಟನೇ ರಾತ್ರಿ ನಾನೊಂದು ಲೆಕ್ಕ ಮಾಡಿದೆ. ನಮಗೆಲ್ಲ ಬಾಯಿಪಾಠ ಇರೋ ಲೆಕ್ಕವೇ. ಒಂದು ಕೋಶ ಹತ್ತು ಸಲ ದುಪ್ಪಟ್ಟಾದ್ರೆ ಸುಮಾರು ಸಾವಿರ. ಇಪ್ಪತ್ತು ಸಲಕ್ಕೆ ಹತ್ತು ಲಕ್ಷ. ಮೂವತ್ತು ಸಲಕ್ಕೆ 100 ಕೋಟಿ. ಒಂದು ಸೆಂಟಿಮೀಟರ್ ಗಡ್ಡೆಯಲ್ಲಿ, ಅಂದ್ರೆ ಒಂದು ಕಡಲೆಕಾಳಿನಷ್ಟರಲ್ಲಿ, ಹೆಚ್ಚುಕಡಿಮೆ ಅಷ್ಟು ಕೋಶ ಇರುತ್ತಂತೆ. ಇನ್ನು ಹತ್ತೇ ಸಲ ದುಪ್ಪಟ್ಟಾದ್ರೆ ಅದು ಒಂದು ಕೆಜಿ. ಮನುಷ್ಯ ಉಳಿಯೋದು ಕಷ್ಟ. ನಿಜವಾದ ಗಡ್ಡೆ ಇಷ್ಟು ನೀಟಾಗಿ ಬೆಳೆಯಲ್ಲ. ಮಧ್ಯೆ ಎಷ್ಟೋ ಕೋಶ ಸಾಯುತ್ತವೆ. ಒಂದೆರಡು ಮಿಲಿಮೀಟರ್ ಆದ ಮೇಲೆ ತನ್ನದೇ ರಕ್ತನಾಳ ಎಳೆದುಕೊಳ್ಳದೆ ಮುಂದೆ ಬೆಳೆಯೋಕೂ ಆಗಲ್ಲ. 1971ರಲ್ಲಿ ಜುಡಾ ಫೋಕ್‌ಮನ್ ಇದನ್ನ ಹೇಳಿದಾಗ ಹೆಚ್ಚಿನವರು ಒಪ್ಪಿರಲಿಲ್ಲ. ಹಾಗಾಗಿ ಇದಕ್ಕೆಲ್ಲ ಇನ್ನೂ ಜಾಸ್ತಿ ಕಾಲ ಹಿಡಿಯುತ್ತೆ.

ಲೆಕ್ಕದ ಕೊನೆಗೆ ನನಗೆ ಕಂಡಿದ್ದು ಇದು. ಗಡ್ಡೆಯ ಕಥೆಯಲ್ಲಿ ನಮ್ಮ ಕಣ್ಣಿಗೆ ಬೀಳೋದು ಕೊನೆಯ ಕಾಲುಭಾಗ. ಮುಕ್ಕಾಲು ಭಾಗ ಅದಕ್ಕೂ ಮುಂಚೆ, ವರ್ಷಗಟ್ಟಲೆ, ಸದ್ದಿಲ್ಲದೆ ನಡೆದಿರುತ್ತೆ. ನಾವು ಅದನ್ನ "ಇದ್ದಕ್ಕಿದ್ದಂತೆ" ಅಂತೀವಿ.

ಮಾರನೇ ದಿನ ಅಡುಗೆಮನೇಲಿ ಇದನ್ನ ಹೇಳ್ತಾ ಇದ್ದೆ. ಅಮ್ಮ ದೋಸೆ ಹುಯ್ಯೋದು ನಿಲ್ಲಿಸಿದ್ಲು. ಸ್ವಲ್ಪ ಹೊತ್ತು ಸುಮ್ಮನಿದ್ದು, "ನಿನ್ನ ದೊಡ್ಡಪ್ಪನೂ ಹೋಗೋಕೆ ಮೂರು ವರ್ಷ ಮುಂಚೆನೇ ಖಾರ ಬಿಟ್ಟಿದ್ರು ಕಣೆ" ಅಂದ್ಲು. "ಅಕ್ಕನ ಮದುವೇಲಿ ಬರೀ ಮೊಸರನ್ನ ಉಂಡ್ರು. ವಯಸ್ಸಾಯ್ತಲ್ಲ, ಖಾರ ತಡೆಯಲ್ಲ ಅಂತ ನಾವೆಲ್ಲ ನಗಾಡಿದ್ವಿ."

ದೋಸೆ ಸೀದುಹೋಯ್ತು. ಇಬ್ಬರೂ ಮಾತಾಡಲಿಲ್ಲ.

ಹನ್ನೊಂದನೇ ದಿನ ರಿಪೋರ್ಟ್ ಬಂತು. ಮಧ್ಯಮ ಡಿಸ್‌ಪ್ಲೇಸಿಯಾ. ಅಗಳ ದಾಟಿಲ್ಲ. ಡಾಕ್ಟರು ಕಾಗದದ ಮೇಲೆ ಎರಡು ಗೆರೆ ಎಳೆದು ತೋರಿಸಿದ್ರು. "ಇಲ್ಲಿದೆ, ಇಲ್ಲಿಗೆ ಬಂದಿಲ್ಲ. ಇನ್ನೊಂದೆರಡು ವರ್ಷ ಬಿಟ್ಟು ಬಂದಿದ್ರೆ ನಾನು ಹೀಗೆ ಹೇಳ್ತಿದ್ದೆ ಅಂತ ಗ್ಯಾರಂಟಿ ಇಲ್ಲ." ಮಚ್ಚೆಯನ್ನ ಲೇಸರ್‌ನಲ್ಲಿ ತೆಗೆದ್ರು. ಎರಡು ವಾರ ಗಂಜಿ ಊಟ. ಕವಳ ಪೂರ್ತಿ ಬಂದ್. ಮೂರು ತಿಂಗಳಿಗೊಮ್ಮೆ ಬಂದು ತೋರಿಸಬೇಕು.

"ತೆಗೆದಾಯ್ತಲ್ಲ, ಮತ್ತೆ ಯಾಕೆ?" ಅಂದ್ರು ಅಪ್ಪ. ಅದಕ್ಕೂ ಕಾರಣ ಇದೆ. ಕವಳದ ರಸ ಆ ಒಂದು ಜಾಗಕ್ಕೆ ಮಾತ್ರ ತಾಗಿಲ್ಲ, ಇಡೀ ಬಾಯಿ ನಲವತ್ತಾರು ವರ್ಷ ಅದರಲ್ಲಿ ನೆಂದಿದೆ. ಕಣ್ಣಿಗೆ ಚೆನ್ನಾಗೇ ಕಾಣೋ ಪಕ್ಕದ ಚರ್ಮದಲ್ಲೂ ಮೊದಲೆರಡು ತಪ್ಪು ಆಗಲೇ ಕೂತಿರಬಹುದು. 1953ರಲ್ಲೇ ಸ್ಲಾಟರ್ ಅನ್ನೋರು ಬಾಯಿಯ ಕ್ಯಾನ್ಸರ್ ನೋಡ್ತಾ ಇದನ್ನ ಗುರುತಿಸಿದ್ರು. ಒಂದು ಮರ ಕೆಟ್ಟಿದ್ದಲ್ಲ, ಮಣ್ಣೇ ಸ್ವಲ್ಪ ಕೆಟ್ಟಿದೆ ಅನ್ನೋ ಥರ. ಬಿಟ್ಟರೆ ಅಪಾಯ ವರ್ಷದಿಂದ ವರ್ಷಕ್ಕೆ ಕಡಿಮೆ ಆಗುತ್ತೆ, ಆದ್ರೆ ಆಗಿಹೋದ ತಪ್ಪು ಪೂರ್ತಿ ಅಳಿಸಿ ಹೋಗಲ್ಲ. ಹಾಗಾಗಿ ಕಣ್ಣಿಟ್ಟಿರಬೇಕು.

ಅಪ್ಪ ಸ್ವಲ್ಪ ಹೊತ್ತು ಯೋಚಿಸಿ ಹೇಳಿದ್ರು. "ಮಳೆ ಹಿಡಿಯೋ ಮುಂಚೆ ಬೋರ್ಡೋ ಹೊಡೆದ ಹಾಗೆ. ಕೊಳೆ ಕಂಡ ಮೇಲೆ ಹೊಡೆದ್ರೆ ಎಂತ ಉಪಯೋಗ ಇಲ್ಲ." ರೋಗದ ಹೋಲಿಕೆ ಅಲ್ಲದಿದ್ರೂ ಮದ್ದಿನ ಹೋಲಿಕೆ ಸರಿಯಾಗೇ ಇತ್ತು.

ಕವಳ ಬಿಡೋದು ಅಷ್ಟು ಸಲೀಸಾಗಿ ಆಗಲಿಲ್ಲ. ಒಂದು ರಾತ್ರಿ ಜಗಳವೇ ಆಯ್ತು. ಅಡಿಕೆಯೇ ಕ್ಯಾನ್ಸರ್ ತರುತ್ತೆ, ಹೊಗೆಸೊಪ್ಪು ಹಾಕದಿದ್ರೂ ತರುತ್ತೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ಪ್ರಕಟಿಸಿದೆ ಅಂದೆ. ಅಪ್ಪ ಎದ್ದು ನಿಂತ್ರು. "ಆ ಅಡಿಕೆ ಮಾರಿ ಬಂದ ದುಡ್ಡಲ್ಲೇ ನೀನು ಇಂಜಿನಿಯರ್ ಆಗಿದ್ದು. ಈ ಮನೆ ಹೆಂಚು, ನಿನ್ನ ಹಾಸ್ಟೆಲ್ ಫೀಸು, ಅಕ್ಕನ ಮದುವೆ, ಎಲ್ಲ ಅದೇ. ಅದನ್ನ ವಿಷ ಅಂತೀಯ?"

ನನ್ನ ಹತ್ರ ಉತ್ತರ ಇರಲಿಲ್ಲ, ಈಗಲೂ ಇಲ್ಲ. ದೇಶದಲ್ಲೇ ಅತಿ ಹೆಚ್ಚು ಅಡಿಕೆ ಬೆಳೆಯೋ ರಾಜ್ಯ ನಮ್ಮದು. ಗುಟ್ಕಾ ನಿಷೇಧ ಆಗಿದ್ದೂ ಇದೇ ರಾಜ್ಯದಲ್ಲಿ, 2013ರಲ್ಲಿ. ನಾನು ಕುಡಿಯೋ ಕಾಫಿಯಿಂದ ಹಿಡಿದು ಕಲಿತ ಜಾವಾವರೆಗೆ ಎಲ್ಲದರಲ್ಲೂ ಅಡಿಕೆ ಇದೆ. ಬಾಯಿಯ ಕ್ಯಾನ್ಸರ್ ನಮ್ಮ ದೇಶದ ಗಂಡಸರಲ್ಲಿ ಅತಿ ಹೆಚ್ಚು ಕಾಣೋ ಕ್ಯಾನ್ಸರ್‌ಗಳಲ್ಲಿ ಒಂದು ಅನ್ನೋದೂ ಅಷ್ಟೇ ನಿಜ. ಎರಡೂ ನಿಜವನ್ನ ಒಂದೇ ಜಗಲಿ ಮೇಲೆ ಕೂರಿಸಿಕೊಂಡು ಇರೋದನ್ನ ನಮ್ಮಂಥ ಮನೆಯವರು ಕಲೀಬೇಕೇನೋ.

ಅಪ್ಪನನ್ನ ತಪ್ಪಿತಸ್ಥರ ಥರ ನೋಡಬಾರದು ಅಂತಲೂ ಕಲಿತೆ. ನಮ್ಮಜ್ಜಿ ಎಂಬತ್ತೆಂಟರವರೆಗೂ ಕವಳ ಹಾಕಿದ್ಲು, ಏನೂ ಆಗಲಿಲ್ಲ. ಯಾವ ಚಟವೂ ಇಲ್ಲದ ನನ್ನ ಟೀಮಿನ ಹುಡುಗನೊಬ್ಬನಿಗೆ ಇಪ್ಪತ್ತೊಂಬತ್ತಕ್ಕೆ ರಕ್ತದ ಕ್ಯಾನ್ಸರ್ ಬಂತು. ಯಾವ ಕೋಶದ ಯಾವ ಅಕ್ಷರ ತಪ್ಪುತ್ತೆ ಅನ್ನೋದರಲ್ಲಿ ಅದೃಷ್ಟದ ಪಾಲು ಇದ್ದೇ ಇದೆ. ಕವಳ ಹಾಕೋದು ಅಂದ್ರೆ ಹೆಚ್ಚು ಸಲ ದಾಳ ಉರುಳಿಸಿದ ಹಾಗೆ. ಕಾಯಿಲೆ ಬಂದವರಿಗೆ "ನೀನೇ ತಂದ್ಕೊಂಡೆ" ಅನ್ನೋದರಿಂದ ಒಂದು ಕೋಶವೂ ವಾಸಿ ಆಗಲ್ಲ. ಬದಲಿಗೆ ಅವರು ಬಾಯಿ ಮುಚ್ಚಿಕೊಂಡು ಕೂರ್ತಾರೆ. ಬಾಯಿ ಮುಚ್ಚಿದ್ರೆ ನೋಡೋದು ಹೇಗೆ?

ನೋಡೋದರಿಂದ ಏನಾದ್ರೂ ಆಗುತ್ತಾ? ಆಗುತ್ತೆ. ಪಕ್ಕದ ಕೇರಳದ ತಿರುವನಂತಪುರ ಜಿಲ್ಲೆಯಲ್ಲಿ 1996ರಿಂದ ಒಂದು ದೊಡ್ಡ ಅಧ್ಯಯನ ನಡೀತು. ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತರು ಮನೆಮನೆಗೆ ಹೋಗಿ, ಬೆಳಕು ಹಿಡಿದು, ಜನರ ಬಾಯಿ ನೋಡಿದ್ರು. ದೊಡ್ಡ ಮೆಷಿನ್ ಇಲ್ಲ, ಸ್ಕ್ಯಾನ್ ಇಲ್ಲ. 2005ರಲ್ಲಿ ಬಂದ ಫಲಿತಾಂಶದ ಪ್ರಕಾರ ತಂಬಾಕು ಅಥವಾ ಮದ್ಯದ ಅಭ್ಯಾಸ ಇದ್ದವರಲ್ಲಿ ಬಾಯಿ ಕ್ಯಾನ್ಸರ್‌ನಿಂದ ಸಾಯೋದು ಸುಮಾರು ಮೂರರಲ್ಲಿ ಒಂದು ಪಾಲು ಕಡಿಮೆ ಆಗಿತ್ತು. ಬರೀ ನೋಡಿದ್ದರಿಂದ. ಹೊಟ್ಟೆಯೊಳಗಿನ, ಎದೆಯೊಳಗಿನ ಗಡ್ಡೆ ನಮಗೆ ಕಾಣಲ್ಲ. ಬಾಯಿ ಕಾಣುತ್ತೆ. ಕಾಣೋ ಜಾಗದಲ್ಲೇ ನಾವು ನೋಡ್ತಿಲ್ಲ.

ನಾನೂ ಒಂದು ವರ್ಷ ನೋಡಿರಲಿಲ್ಲ. ಎಲೆಯ ಮೂಲೆಗೆ ಸರಿದ ಆ ಮಿಡಿ ಈಗಲೂ ಕಣ್ಮುಂದೆ ಬರುತ್ತೆ. ಪುಣ್ಯಕ್ಕೆ ನಮಗೆ ಆ ಒಂದು ವರ್ಷ ಸಿಕ್ಕಿತು. ದೊಡ್ಡಪ್ಪನಿಗೆ ಮೂರು ವರ್ಷ ಇತ್ತು, ಯಾರೂ ಟಾರ್ಚ್ ಹಿಡಿಯಲಿಲ್ಲ.

ಈ ವರ್ಷ ಕೊನೆ ಕೊಯ್ಲಿಗೆ ಊರಿಗೆ ಹೋಗಿದ್ದೆ. ರಾತ್ರಿ ಅಡಿಕೆ ಸುಲಿಯೋಕೆ ಹತ್ತು ಹನ್ನೆರಡು ಜನ ಬಂದಿದ್ರು. ಸುಲಿಯೋ ಕತ್ತಿಯ ಮುಂದೆ ಸಾಲಾಗಿ ಕೂತು ಮಾತು, ನಗು, ನಡುನಡುವೆ ಕವಳ. ಅಪ್ಪನ ಎಡಗೆನ್ನೆ ಈಗ ಉಬ್ಬಿರಲ್ಲ. ಬಾಯಲ್ಲಿ ಒಂದು ಲವಂಗ ಇರುತ್ತೆ. ನಾನು ಲ್ಯಾಪ್‌ಟಾಪ್ ಮುಚ್ಚಿ ಹೊರಗೆ ಬರೋ ಹೊತ್ತಿಗೆ ಅಪ್ಪ ಟಾರ್ಚ್ ಹಿಡಿದು ಒಬ್ಬೊಬ್ಬರ ಮುಂದೆ ನಿಲ್ತಿದ್ರು.

"ಬಾಯಿ ತೆಗಿ. ಆ ಅನ್ನು. ನಾಲಿಗೆ ಎತ್ತು."

"ಹೆಗಡೇರು ಯಾವಾಗ ಡಾಕ್ಟ್ರಾದ್ರು?" ಅಂತ ಒಬ್ಬಳು ನಕ್ಕಳು. ಎಲ್ಲರೂ ನಕ್ಕರು. ಅಪ್ಪ ನಗಲಿಲ್ಲ. "ಬಿಳಿ ಮಚ್ಚೆ, ಕೆಂಪು ಮಚ್ಚೆ, ಹುಣ್ಣು, ಗಂಟು, ಯಾವುದಾದ್ರೂ ಮೂರು ವಾರ ಕಳೆದ್ರೂ ಹೋಗಿಲ್ಲ ಅಂದ್ರೆ ನಂಗೆ ಹೇಳ್ಬೇಕು. ಖಾರ ಉರಿದ್ರೂ ಹೇಳ್ಬೇಕು. ಬಾಯಿ ಮೂರು ಬೆರಳು ಹೋಗುವಷ್ಟು ತೆಗೆಯೋಕಾಗಲ್ಲ ಅಂದ್ರೂ ಹೇಳ್ಬೇಕು." ಅಷ್ಟನ್ನೂ ಬಾಯಿಪಾಠ ಮಾಡ್ಕೊಂಡಿದ್ರು.

ಮೂಲೆಯಲ್ಲಿ ಕೂತಿದ್ದ ಕೊನೆಗೌಡನ ನಾಲಿಗೆಯ ಪಕ್ಕ ಒಂದು ಹುಣ್ಣಿತ್ತು. ಒಂದು ತಿಂಗಳಾಯ್ತಂತೆ. ಮಾರನೇ ಬೆಳಗ್ಗೆ ಅಪ್ಪ ಅವನನ್ನ ಜೀಪಲ್ಲಿ ಕೂರಿಸಿಕೊಂಡು ಪೇಟೆಗೆ ಹೋದ್ರು. ಚೂಪಾದ ಹಲ್ಲು ತಾಗಿ ಆದ ಹುಣ್ಣು ಅಂತಾಯ್ತು. ಡಾಕ್ಟರು ಹಲ್ಲು ಉಜ್ಜಿ ನಯ ಮಾಡಿ, ಎರಡು ವಾರ ಬಿಟ್ಟು ಬಾ ಅಂದ್ರಂತೆ. ಹೋಗಿ ತೋರಿಸಿದ್ದೂ ಆಯ್ತು, ಹುಣ್ಣು ಪೂರ್ತಿ ಮಾಯ್ದಿತ್ತು.

"ಸುಮ್ನೆ ಒಂದು ದಿನದ ಕೊಯ್ಲು ಹಾಳಾಯ್ತು" ಅಂತ ಅವನು ಗೊಣಗಿದನಂತೆ. "ಹಾಳಾಗಲಿ ಬಿಡು" ಅಂದ್ರಂತೆ ಅಪ್ಪ.

ಈ ವಾರ ಮನೆಗೆ ಫೋನ್ ಮಾಡಿದಾಗ ಊಟ ಆಯ್ತಾ ಅಂತ ಹೇಗೂ ಕೇಳ್ತೀರಿ. ಜೊತೆಗೆ ಇನ್ನೊಂದು ಕೇಳಿ. ಉಪ್ಪಿನಕಾಯಿ ತಿಂತಿದ್ದಾರಾ ಅಂತ.